ಖಾಲಿ ಕುರ್ಚಿಗೆ ಪರದೆ ಹೊದಿಸಬೇಡಿ

ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಗೆ ದೂರದ ಪಾಠ ಮೊದಲು ಬಂದದ್ದು ಕೋವಿಡ್ ಕಾಲದಲ್ಲಲ್ಲ, 1975ರ ಆಗಸ್ಟ್‌ನಲ್ಲಿ. ಅಮೆರಿಕದ ನಾಸಾ ಸಂಸ್ಥೆಯಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ಬಿತ್ತರಿಸಿದ ‘ಸೈಟ್’ ಪ್ರಯೋಗದಲ್ಲಿ ಕರ್ನಾಟಕದಿಂದ ಆಯ್ಕೆಯಾದವು ಈ ಮೂರು ಜಿಲ್ಲೆಗಳು. ಕೋಳಿಗೂಡಿಗೆ ಹೊಡೆಯುವ ತಂತಿಬಲೆಯಿಂದ ಮಾಡಿದ ದೊಡ್ಡ ಬೋಗುಣಿಯಂಥ ಆ್ಯಂಟೆನಾ, ಅದರಿಂದ ಟಿ.ವಿ.ಗೆ ಎಳೆದ ತಂತಿ. ಬೆಳಗ್ಗೆ ಶಾಲೆಯ ಮಕ್ಕಳಿಗೆ ಕಾರ್ಯಕ್ರಮ, ಸಂಜೆ ಊರಿನ ದೊಡ್ಡವರಿಗೆ. 1976ರ ಜುಲೈ ಮುಗಿಯಿತು, ಎರವಲಿನ ಗಡುವೂ ಮುಗಿಯಿತು, ಉಪಗ್ರಹ ಬೇರೆ ಕೆಲಸಕ್ಕೆ ಹೋಯಿತು. ಸುಮಾರು ಮೂರು ದಶಕಗಳ ತರುವಾಯ, 2004ರ ಸೆಪ್ಟೆಂಬರ್‌ನಲ್ಲಿ, ಇಸ್ರೊ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಹಾರಿಸಿತು. ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಅದಕ್ಕೆ ಜೋಡಿಸಿ ಕನ್ನಡದಲ್ಲೇ ಪಾಠ ಕಳಿಸಲಾಯಿತು. 2010ರಲ್ಲಿ ಆ ಉಪಗ್ರಹವೂ ನಿವೃತ್ತಿಯಾಯಿತು. ಈಗ ನಡೆದಿರುವುದು ಮೂರನೆಯ ಸುತ್ತು: ಪಠ್ಯಪುಸ್ತಕದಲ್ಲಿ ಕ್ಯೂಆರ್ ಕೋಡ್, ಫೋನಿನಲ್ಲಿ ದೀಕ್ಷಾ ಆ್ಯಪ್, ಗೋಡೆಗೆ ಸ್ಮಾರ್ಟ್ ಬೋರ್ಡ್, ಬಾಗಿಲಲ್ಲಿ ಕಾದು ನಿಂತ ಎಐ.

ಪ್ರತಿ ಸುತ್ತಿನಲ್ಲೂ ನಾವು ಬಹಳ ಶ್ರದ್ಧೆಯಿಂದ ಕೇಳಿರುವ ಪ್ರಶ್ನೆ ಒಂದೇ: ಪಾಠ ಶಾಲೆಗೆ ಮುಟ್ಟಿತೇ? ಕೇಳದೆ ಬಿಟ್ಟದ್ದು ಇನ್ನೊಂದು: ಮಗುವಿಗೆ ಅರ್ಥವಾಗಲಿಲ್ಲ ಎಂಬ ಸುದ್ದಿ ಯಾರಿಗಾದರೂ ಮುಟ್ಟಿತೇ? ಮೂರನೇ ತರಗತಿಯ ಮಗುವೊಂದು 52ರಿಂದ 27 ಕಳೆದು 35 ಎಂದು ಬರೆದಿದೆ ಎಂದುಕೊಳ್ಳಿ. ಉತ್ತರ ತಪ್ಪು ಎಂದು ಯಾರು ಬೇಕಾದರೂ ಹೇಳಬಹುದು. ಆದರೆ ಬಗ್ಗಿ ಸ್ಲೇಟು ನೋಡಿದ ಶಿಕ್ಷಕಿಗೆ ತಪ್ಪು ಹುಟ್ಟಿದ್ದು ಎಲ್ಲಿ ಎಂದು ತಿಳಿಯುತ್ತದೆ. ಎರಡರಲ್ಲಿ ಏಳು ಹೋಗುವುದಿಲ್ಲ ಎಂದು ಮಗು ಸುಮ್ಮನೆ ಏಳರಲ್ಲಿ ಎರಡು ಕಳೆದಿದೆ. ಹತ್ತರ ಮನೆಯಿಂದ ಸಾಲ ತರುವುದು ಅದಕ್ಕೆ ಗೊತ್ತಿಲ್ಲ, ಅಥವಾ ಹೇಳಿಕೊಟ್ಟ ದಿನ ಅದು ಶಾಲೆಗೆ ಬಂದಿಲ್ಲ. ಕಲಿಸುವುದು ಎಂಬ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಇಲ್ಲಿ, ಈ ಬಗ್ಗಿ ನೋಡುವುದರಲ್ಲಿ. ಆನ್‌ಲೈನ್ ಕಲಿಕೆ ಸರ್ಕಾರಿ ಶಾಲೆಯನ್ನು ಬದಲಿಸುವುದು ಖಂಡಿತ. ಆದರೆ ಆ ಬದಲಾವಣೆ ಮಗುವಿನ ಕೈಯ ಫೋನಿನಿಂದ ಶುರುವಾಗುವುದಿಲ್ಲ. ಶಿಕ್ಷಕರ ಮಂಜೂರಾದ ಹುದ್ದೆಯಿಂದ ಶುರುವಾಗುತ್ತದೆ. ಬಗ್ಗಿ ನೋಡುವವರ ಪಕ್ಕದಲ್ಲಿ ಪರದೆ ಬಂದರೆ ಶಾಲೆ ಗಟ್ಟಿಯಾದೀತು. ಅವರ ಜಾಗದಲ್ಲಿ ಬಂದರೆ ಕಟ್ಟಡ ಉಳಿದು ಶಾಲೆ ಹೋಗುತ್ತದೆ.

ಇದನ್ನು ಊಹೆ ಮಾಡಿ ಹೇಳಬೇಕಾದ ಅಗತ್ಯವೇ ಇಲ್ಲ, 2020 ಮತ್ತು 2021ರಲ್ಲಿ ಇಡೀ ರಾಜ್ಯವೇ ಇದರ ಪ್ರಯೋಗಶಾಲೆಯಾಗಿತ್ತು. 2020ರ ಜುಲೈನಲ್ಲಿ ಗದಗ ಜಿಲ್ಲೆ ನರಗುಂದ ತಾಲ್ಲೂಕಿನ ರಡ್ಡೇರ ನಾಗನೂರಿನ ತಾಯಿಯೊಬ್ಬರು ಚಂದನ ವಾಹಿನಿಯ ಪಾಠ ಮಕ್ಕಳಿಗೆ ತಪ್ಪಬಾರದೆಂದು ತಾಳಿ ಅಡವಿಟ್ಟು ಟಿ.ವಿ. ತಂದರು. ಮರುವರ್ಷ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಬಳ್ಳಕ್ಕದ ಒಂದು ಫೋಟೊ ಮೊಬೈಲ್‌ನಿಂದ ಮೊಬೈಲ್‌ಗೆ ಓಡಾಡಿತು: ಸುರಿಯುವ ಮಳೆ, ರಸ್ತೆ ಬದಿಯಲ್ಲಿ ಕೂತು ಫೋನಿನಲ್ಲಿ ಪಾಠ ಕೇಳುತ್ತಿರುವ ಎಸ್ಸೆಸ್ಸೆಲ್ಸಿ ಹುಡುಗಿ, ಅವಳಿಗೆ ಕೊಡೆ ಹಿಡಿದು ನಿಂತ ಅಪ್ಪ. ಮನೆಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಮಲೆನಾಡಿನಲ್ಲಿ ಅದೇ ಕಾಲಕ್ಕೆ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಕೂಗೆದ್ದಿತು. ಈ ಚಿತ್ರಗಳನ್ನು ನೋಡಿ ಎಲ್ಲರೂ ಮರುಗಿದೆವು, ಮರುಗಿ ಟವರ್ ಬೇಕು, ಟ್ಯಾಬ್ ಬೇಕು ಎಂದೆವು. ಅದು ತಪ್ಪಲ್ಲ. ಆದರೆ ಆ ಅಪ್ಪ, ಆ ತಾಯಿ ಮಾಡಿದ್ದೇನು ಎಂದು ಇನ್ನೊಮ್ಮೆ ನೋಡಿದರೆ ಬೇರೆಯದೇ ಸಂಗತಿ ಕಾಣುತ್ತದೆ. ಸರ್ಕಾರಿ ಶಾಲೆ ಎಂಬುದು ಸೂರು, ಬೆಂಚು, ಬೋರ್ಡು, ಊಟ, ಹೊತ್ತು ಎಲ್ಲವನ್ನೂ ಸಾರ್ವಜನಿಕ ಖರ್ಚಿನಲ್ಲಿ ಒದಗಿಸುವ ವ್ಯವಸ್ಥೆ. ಶಾಲೆ ಫೋನಿನೊಳಗೆ ಹೋದ ದಿನ ಆ ಖರ್ಚೆಲ್ಲ ಮನೆಯ ಮೇಲೆ ಬಿತ್ತು. ಸೂರು ಕೊಡೆಯಾಯಿತು, ಶುಲ್ಕ ತಾಳಿಯಾಯಿತು.

ಅಂಕಿಅಂಶಗಳು ಹೇಳುವುದೂ ಇದನ್ನೇ. ಅರ್ಥಶಾಸ್ತ್ರಜ್ಞ ಜೀನ್ ಡ್ರೀಜ್ ಮತ್ತು ಸಂಗಡಿಗರು 2021ರ ಆಗಸ್ಟ್‌ನಲ್ಲಿ ಕರ್ನಾಟಕವೂ ಸೇರಿದಂತೆ 15 ರಾಜ್ಯ, ಕೇಂದ್ರಾಡಳಿತ ಪ್ರದೇಶಗಳಲ್ಲಿ ಬಡ ಬಡಾವಣೆಗಳ ಸುಮಾರು 1,400 ಮಕ್ಕಳನ್ನು ಮಾತಾಡಿಸಿದಾಗ, ಹಳ್ಳಿಗಳಲ್ಲಿ ನಿಯಮಿತವಾಗಿ ಆನ್‌ಲೈನ್‌ನಲ್ಲಿ ಕಲಿಯುತ್ತಿದ್ದವರು ನೂರಕ್ಕೆ 8 ಮಂದಿ. ಏನನ್ನೂ ಓದದೆ ಇದ್ದವರು ನೂರಕ್ಕೆ 37. ಆ ಹಳ್ಳಿಗಳ ಅರ್ಧದಷ್ಟು ಮನೆಗಳಲ್ಲಿ ಸ್ಮಾರ್ಟ್‌ಫೋನ್ ಇತ್ತು ಎಂಬುದನ್ನು ಗಮನಿಸಿ. ಫೋನಿದ್ದದ್ದು ಅರ್ಧ, ಕಲಿತದ್ದು ನೂರಕ್ಕೆ ಎಂಟು. ಇವೆರಡರ ನಡುವಿನ ಅಂತರವನ್ನು ಟ್ಯಾಬ್ ಹಂಚಿ ಮುಚ್ಚಲಾಗದು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಕರ್ನಾಟಕವೂ ಸೇರಿದ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿತು. ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಕನಿಷ್ಠ ಒಂದನ್ನಾದರೂ ನೂರಕ್ಕೆ 92 ಮಕ್ಕಳು ಮರೆತಿದ್ದರು. ಗಣಿತದಲ್ಲಿ ಈ ಸಂಖ್ಯೆ 82. ಹೊಸದು ಕಲಿಯಲಿಲ್ಲ ಎನ್ನುವುದು ಒಂದು ಮಾತು. ಬಂದದ್ದೂ ಹೋಯಿತು ಎನ್ನುವುದು ಇನ್ನೊಂದು, ಹೆಚ್ಚು ಕಷ್ಟದ ಮಾತು. ಅದೇ ವಿಶ್ವವಿದ್ಯಾಲಯದ ಇನ್ನೊಂದು ಸಮೀಕ್ಷೆಯಲ್ಲಿ ನೂರಕ್ಕೆ 90 ಶಿಕ್ಷಕರು, ಆನ್‌ಲೈನ್‌ನಲ್ಲಿ ಮಗುವಿನ ಕಲಿಕೆಯನ್ನು ಅರ್ಥಪೂರ್ಣವಾಗಿ ಅಳೆಯಲು ಆಗುವುದಿಲ್ಲ ಎಂದಿದ್ದರು. ಬಗ್ಗಿ ನೋಡಲು ಸ್ಲೇಟೇ ಎದುರಿಗಿಲ್ಲ ಎಂಬುದನ್ನೇ ಅವರು ತಮ್ಮ ಮಾತಿನಲ್ಲಿ ಹೇಳಿದ್ದು.

ಆ ದಿನಗಳಲ್ಲಿ ಸರ್ಕಾರವೂ ಎರಡು ಮನಸ್ಸಿನಲ್ಲಿತ್ತು. 2020ರ ಜೂನ್‌ನಲ್ಲಿ ಚಿಕ್ಕ ಮಕ್ಕಳಿಗೆ ಆನ್‌ಲೈನ್ ತರಗತಿಯೇ ಬೇಡ ಎಂದು ಆದೇಶಿಸಿತು. ಜುಲೈನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ವಾದವೆಲ್ಲ ಖಾಸಗಿ ಶಾಲೆಗಳ ಸುತ್ತ ನಡೆದಿದ್ದಾಗ, ಸರ್ಕಾರಿ ಶಾಲೆಗಳಿಗಾಗಿ ಹುಟ್ಟಿದ್ದು ‘ವಿದ್ಯಾಗಮ’. ಆಗಸ್ಟ್‌ನಲ್ಲಿ ಶುರುವಾದ ಈ ಯೋಜನೆ ಮಕ್ಕಳನ್ನು ಮೂರು ಕಾಲ್ಪನಿಕ ಕೊಠಡಿಗಳಾಗಿ ವಿಂಗಡಿಸಿತು: ಯಾವ ಫೋನೂ ಇಲ್ಲದವರು, ಬರೀ ಮಾತಾಡುವ ಫೋನ್ ಇರುವವರು, ಸ್ಮಾರ್ಟ್‌ಫೋನ್ ಇರುವವರು. ಶಿಕ್ಷಕರು ದೇವಸ್ಥಾನದ ಜಗಲಿ, ಸಮುದಾಯ ಭವನ, ಅರಳಿಕಟ್ಟೆಗಳಿಗೆ ಹೋಗಿ ಪಾಠ ಮಾಡಿದರು. ಸೋಂಕು ಹರಡಿತೆಂಬ ದೂರಿನ ಮೇಲೆ ಅಕ್ಟೋಬರ್‌ನಲ್ಲಿ ಅದು ನಿಂತು, ಜನವರಿಯಲ್ಲಿ ಬೇರೆ ರೂಪದಲ್ಲಿ ಮರಳಿತು. ಅದರ ಲೋಪಗಳನ್ನು ಎಣಿಸುವುದು ಸುಲಭ. ಆದರೂ ಆ ಮೂರು ಕೊಠಡಿಗಳ ಲೆಕ್ಕದಲ್ಲಿ ಒಂದು ಪ್ರಾಮಾಣಿಕತೆ ಇತ್ತು. ಸಾಧನದಿಂದ ಹೊರಟು ಮಗುವನ್ನು ಹುಡುಕುವ ಬದಲು, ಮಗುವಿನಿಂದ ಹೊರಟು ಸಾಧನವನ್ನು ಹುಡುಕಿದ ಸರ್ಕಾರಿ ಆದೇಶಗಳು ನಮ್ಮಲ್ಲಿ ಅಪರೂಪ.

ಹಾಗಾದರೆ ತಂತ್ರಜ್ಞಾನ ಎಲ್ಲೂ ಕೆಲಸ ಮಾಡಿಲ್ಲವೇ ಎಂದರೆ, ಮಾಡಿದೆ. ಎಲ್ಲಿ, ಹೇಗೆ ಎಂಬುದೇ ಪಾಠ. ದೆಹಲಿಯಲ್ಲಿ ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್, ಅಲೆಹಾಂದ್ರೊ ಗನಿಮಿಯನ್ ಎಂಬ ಅರ್ಥಶಾಸ್ತ್ರಜ್ಞರು ‘ಮೈಂಡ್‌ಸ್ಪಾರ್ಕ್’ ಎಂಬ ಕಲಿಕಾ ತಂತ್ರಾಂಶವನ್ನು ಸರ್ಕಾರಿ ಶಾಲೆಯ ಮಕ್ಕಳ ಮೇಲೆ ಪರೀಕ್ಷಿಸಿದರು. ಆರನೇ ತರಗತಿಯ ಮಗು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿತ್ತು. ಒಂಬತ್ತನೆಯದರ ಹೊತ್ತಿಗೆ ಆ ಅಂತರ ನಾಲ್ಕೂವರೆ. ಪಠ್ಯಪುಸ್ತಕ ಮುಂದೆ ಓಡುತ್ತಿದೆ, ಮಗು ಹಿಂದೆಲ್ಲೋ ನಿಂತಿದೆ. ತಂತ್ರಾಂಶ ಮಗು ನಿಂತಲ್ಲಿಗೇ ಹೋಗಿ ಅಲ್ಲಿಂದ ಕಲಿಸಿತು. 35 ಎಂದು ಬರೆದ ಮಗುವಿನ ತಪ್ಪು ಯಾವ ಬಗೆಯದೆಂದು ಗುರುತಿಸಬಲ್ಲ ಜಾಣ್ಮೆ ಅಂಥ ತಂತ್ರಾಂಶಕ್ಕೆ ಇದೆ. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡರಲ್ಲೂ ಗಮನಾರ್ಹ ಪ್ರಗತಿ ಕಂಡಿತು. ಆನ್‌ಲೈನ್ ಪರ ವಾದಿಸುವವರು ಈ ಅಧ್ಯಯನವನ್ನು ಎತ್ತಿ ಹಿಡಿಯುತ್ತಾರೆ, ಹಿಡಿಯಲೂಬೇಕು. ಹೇಳಲು ಮರೆಯುವುದು ಇಷ್ಟು: ಆ ಮಕ್ಕಳು ಕಲಿತದ್ದು ಮನೆಯಲ್ಲಿ ಫೋನ್ ಹಿಡಿದಲ್ಲ, ಶಾಲೆಯ ಹೊತ್ತಿನಾಚೆ ನಡೆಯುವ ಕೇಂದ್ರಗಳಲ್ಲಿ; ಅರ್ಧ ಹೊತ್ತು ಕಂಪ್ಯೂಟರ್, ಇನ್ನರ್ಧ ಹೊತ್ತು ಸಣ್ಣ ಗುಂಪಿಗೆ ಒಬ್ಬ ಬೋಧಕರ ಪಾಠ. ಇದಕ್ಕೆ ಎದುರಾಗಿ ಪೆರು ದೇಶವನ್ನು ನೋಡಿ. ಅಲ್ಲಿನ ಸರ್ಕಾರ ಎಂಟು ಲಕ್ಷಕ್ಕೂ ಹೆಚ್ಚು ಲ್ಯಾಪ್‌ಟಾಪ್ ಹಂಚಿತು. 319 ಗ್ರಾಮೀಣ ಶಾಲೆಗಳಲ್ಲಿ ನಡೆದ ಮೌಲ್ಯಮಾಪನದಲ್ಲಿ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಫಲ ಕಾಣಲಿಲ್ಲ.

ನನಗೆ ಇವೆರಡಕ್ಕಿಂತ ಕುತೂಹಲದ್ದೆನಿಸುವುದು ಆಫ್ರಿಕಾದ ಬೋಟ್ಸ್‌ವಾನಾ. ಕೋವಿಡ್ ಕಾಲದಲ್ಲಿ ಅಲ್ಲಿ ಒಂದು ಗುಂಪಿನ ಮನೆಗಳಿಗೆ ವಾರಕ್ಕೊಮ್ಮೆ ಎಸ್‌ಎಂಎಸ್‌ನಲ್ಲಿ ಲೆಕ್ಕ ಕಳಿಸಿದರು. ಇನ್ನೊಂದು ಗುಂಪಿಗೆ ಎಸ್‌ಎಂಎಸ್ ಜೊತೆಗೆ ವಾರಕ್ಕೊಂದು ಫೋನ್ ಕರೆಯೂ ಇತ್ತು: ಬೋಧಕರು ಮಗುವಿನ ಜೊತೆ ಕೆಲವು ನಿಮಿಷ ಮಾತಾಡಿ, ಲೆಕ್ಕ ಮಾಡಿಸಿ, ಎಲ್ಲಿ ಎಡವಿತೆಂದು ಕೇಳುವುದು. ಬರೀ ಎಸ್‌ಎಂಎಸ್ ಹೋದಲ್ಲಿ ಏನೂ ಆಗಲಿಲ್ಲ. ಕರೆ ಹೋದಲ್ಲಿ ಮಕ್ಕಳು ಕಲಿತರು. ಅದೇ ಮಾದರಿ ನಮ್ಮಲ್ಲಿ ‘ಗಣಿತ ಗಣಕ’ವಾಗಿ ಬಂದಿದೆ, ಸರ್ಕಾರಿ ಶಾಲೆಯ ಶಿಕ್ಷಕರು ಮೂರರಿಂದ ಐದನೇ ತರಗತಿಯ ಮಕ್ಕಳಿಗೆ ಫೋನ್ ಮಾಡಿ ಗಣಿತ ಹೇಳಿಕೊಡುತ್ತಾರೆ. ಇದಕ್ಕೆ ಸ್ಮಾರ್ಟ್‌ಫೋನ್ ಬೇಡ, ಡೇಟಾ ಪ್ಯಾಕ್ ಬೇಡ. ಗುಂಡಿ ಒತ್ತುವ ಹಳೆಯ ಫೋನ್ ಸಾಕು. ಸಂಜೆ ಹೊಲದಿಂದ ಬಂದ ಅವ್ವನ ಫೋನಿಗೆ ಮೇಷ್ಟ್ರ ಕರೆ ಬಂದಾಗ ಆ ಮನೆಯಲ್ಲಿ ಆಗುವುದು ಲೆಕ್ಕವೊಂದೇ ಅಲ್ಲ. ‘ನಿಮ್ಮ ಹುಡುಗಿ ನಿನ್ನೆ ಶಾಲೆಗೆ ಬಂದಿಲ್ಲವಲ್ಲ’ ಎಂಬ ಮಾತೂ ಅದೇ ಕರೆಯಲ್ಲಿ ಹೋಗಬಹುದು. ತಂತ್ರಜ್ಞಾನದ ದೃಷ್ಟಿಯಿಂದ ಇದಕ್ಕಿಂತ ಸಪ್ಪೆಯಾದದ್ದು ಬೇರೊಂದಿಲ್ಲ. ಉದ್ಘಾಟನೆಗೆ ಕತ್ತರಿಸಲು ಟೇಪು ಕಟ್ಟುವ ಜಾಗವೂ ಇಲ್ಲದ ಯೋಜನೆ.

ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯುವುದು ಎಂಬ ಮಾತನ್ನು ಇಂದು ಆ್ಯಪ್ ಕಂಪನಿಗಳು ಹೊಸ ಸರಕಿನಂತೆ ಮಾರುತ್ತವೆ. ಕನ್ನಡ ಶಾಲೆಗಳಿಗೆ ಅದು ಹೊಸದೇನಲ್ಲ. 1990ರ ದಶಕದ ನಡುವಿನಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಮಾದರಿ ನೋಡಿ ಬಂದು ‘ನಲಿ-ಕಲಿ’ ಕಟ್ಟಿದರು. ಗೋಡೆಯ ಮೇಲೆ ಕಲಿಕಾ ಏಣಿ, ಏಣಿಗೆ ಮೆಟ್ಟಿಲು, ಮೆಟ್ಟಿಲಿಗೊಂದು ಕಾರ್ಡು. ಒಂದರಿಂದ ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ನೆಲದ ಮೇಲೆ. ವಾರ ತಪ್ಪಿಸಿಕೊಂಡ ಮಗು ಮರಳಿ ಬಂದಾಗ ಬಿಟ್ಟ ಮೆಟ್ಟಿಲಿಂದಲೇ ಹತ್ತಬಹುದು. 2009ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಹರಡುವ ಭರದಲ್ಲಿ ಸೊರಗಿದ್ದೂ ಉಂಟು. ಕಾರ್ಡುಗಳು ಹರಿದವು, ಹೊಸವು ಹೊತ್ತಿಗೆ ಬರಲಿಲ್ಲ, ತರಬೇತಿಯಾದ ಶಿಕ್ಷಕಿ ವರ್ಗವಾಗಿ ಹೋದಳು, ಒಬ್ಬರೇ ಉಳಿದ ಕಡೆ ಗುಂಪುಗಳು ಗದ್ದಲವಾದವು. ಸಾಫ್ಟ್‌ವೇರ್ ಸರಿಯಿತ್ತು ಎನ್ನೋಣ, ಅದನ್ನು ನಡೆಸುವವರ ಸಂಖ್ಯೆ ಸರಿಯಿರಲಿಲ್ಲ. ರಟ್ಟಿನ ಕಾರ್ಡಿನಲ್ಲಿ ಎಡವಿದ ಕಾರಣದಿಂದಲೇ ನಾವು ಟ್ಯಾಬ್‌ನಲ್ಲೂ ಎಡವುತ್ತೇವೆ. ಹಾಗೆ ನೋಡಿದರೆ ಕಾರ್ಡಿಗೆ ಚಾರ್ಜಾದರೂ ಬೇಕಿರಲಿಲ್ಲ.

ಇಲ್ಲಿ ಏಳುವ ಮೊದಲ ಆಕ್ಷೇಪ ಹಗುರವಾದದ್ದಲ್ಲ. ರಾಜ್ಯದಲ್ಲಿ ಸರ್ಕಾರಿ ಶಾಲೆಗಳು ನಲವತ್ತಾರು ಸಾವಿರದ ಆಸುಪಾಸು. ಅವುಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಏಕೋಪಾಧ್ಯಾಯ ಶಾಲೆಗಳು. ಪ್ರತಿ ವರ್ಷ ಸುಮಾರು ಐವತ್ತು ಸಾವಿರ ಅತಿಥಿ ಶಿಕ್ಷಕರನ್ನು ಹಾಕಿಕೊಂಡು ಗಾಡಿ ಓಡುತ್ತಿದೆ. ಹನ್ನೆರಡು ಮಕ್ಕಳ ಶಾಲೆಗೆ ಗಣಿತಕ್ಕೊಬ್ಬರು, ಇಂಗ್ಲಿಷಿಗೊಬ್ಬರು, ವಿಜ್ಞಾನಕ್ಕೊಬ್ಬರು ಎಂದು ಕೊಡಲು ಯಾವ ಸರ್ಕಾರಕ್ಕೂ ಆಗದು. ಆದ್ದರಿಂದ ಆ ಪಾಠ ಪರದೆಯಲ್ಲಿ ಬರಲಿ ಎನ್ನುವವರ ಮಾತಿನಲ್ಲಿ ಹುರುಳಿದೆ. ಬರಲಿ. ಬರುವ ಬಗೆ ಹೇಗಿರಬೇಕೆಂದು ಉರುಗ್ವೆ ತೋರಿಸಿದೆ. ಇಂಗ್ಲಿಷ್ ಬಲ್ಲ ಶಿಕ್ಷಕರು ಸಾಲದ ಆ ಪುಟ್ಟ ದೇಶ 2012ರಲ್ಲಿ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ದೂರದಿಂದ, ಕೆಲವೊಮ್ಮೆ ಬೇರೆ ದೇಶದಿಂದಲೂ, ವಿಡಿಯೊ ಮೂಲಕ ಇಂಗ್ಲಿಷ್ ಕಲಿಸತೊಡಗಿತು. ವಾರಕ್ಕೆ ಒಂದು ತರಗತಿ ಪರದೆಯ ಮೇಲಿನ ಶಿಕ್ಷಕರದು. ಉಳಿದೆರಡನ್ನು ಅದೇ ಶಾಲೆಯ ತರಗತಿ ಶಿಕ್ಷಕರೇ ಮುಂದುವರಿಸಬೇಕು, ಅವರಿಗೆ ಇಂಗ್ಲಿಷ್ ಬಾರದಿದ್ದರೂ. ಮಕ್ಕಳ ಜೊತೆ ಅವರೂ ಕಲಿಯುತ್ತಾರೆ. ದಾಖಲಿಸಿದ ವಿಡಿಯೊ ಅಲ್ಲ ಇದು. ಅತ್ತ ಇರುವವರಿಗೆ ಮಕ್ಕಳ ಮುಖ ಕಾಣುತ್ತದೆ, ಹೆಸರು ಗೊತ್ತಿರುತ್ತದೆ. ಇಂಗ್ಲಿಷ್‌ಗಾಗಿ ಹಳದಿ ಬಸ್ಸು ಹತ್ತಿ ಹೋಗುತ್ತಿರುವ ಮಕ್ಕಳಿಂದಲೇ ನಮ್ಮ ಸರ್ಕಾರಿ ಕನ್ನಡ ಶಾಲೆಗಳು ಖಾಲಿಯಾಗುತ್ತಿರುವಾಗ, ಒಂದು ಕ್ಲಸ್ಟರಿನ ಎಂಟು ಹತ್ತು ಶಾಲೆಗಳಿಗೆ ಒಬ್ಬ ಒಳ್ಳೆಯ ಇಂಗ್ಲಿಷ್ ಶಿಕ್ಷಕಿ ಈ ರೀತಿ ಸಿಕ್ಕರೆ ಅದನ್ನು ಬೇಡವೆನ್ನುವುದು ಹಟವಾದೀತು.

ಭಯ ಇರುವುದು ತಂತ್ರಜ್ಞಾನದ ಬಗ್ಗೆ ಅಲ್ಲ, ಕಡತದ ಬಗ್ಗೆ. ನಮ್ಮಲ್ಲಿ ತಾತ್ಕಾಲಿಕ ವ್ಯವಸ್ಥೆಗಳು ಹೇಗೆ ಕಾಯಂ ಆಗುತ್ತವೆಂದು ತಿಳಿಯಲು ಅತಿಥಿ ಶಿಕ್ಷಕರ ಚರಿತ್ರೆ ಒಂದೇ ಸಾಕು. ಕಾಯಂ ನೇಮಕಾತಿ ಆಗುವ ತನಕ ಎಂದು ಶುರುವಾದದ್ದು ಪ್ರತಿ ಜೂನ್‌ನಲ್ಲಿ ಹೊಸ ಆದೇಶ, ಪ್ರತಿ ಮಾರ್ಚ್‌ನಲ್ಲಿ ಬಿಡುಗಡೆ ಎಂಬ ಪಂಚಾಂಗವಾಗಿ ಹೋಯಿತು. ಆನ್‌ಲೈನ್ ಪೀರಿಯಡ್ಡಿಗೂ ಇದೇ ದಾರಿ ಸಲೀಸು. ಮೊದಲು, ವಿಜ್ಞಾನ ಶಿಕ್ಷಕರು ಬರುವ ತನಕ ಸ್ಮಾರ್ಟ್ ಬೋರ್ಡಿನಲ್ಲಿ ಪಾಠ ನಡೆಯಲಿ ಎಂಬ ಸುತ್ತೋಲೆ. ಆಮೇಲೆ, ಪಾಠ ನಡೆಯುತ್ತಿರುವುದರಿಂದ ಹುದ್ದೆಯ ತುರ್ತಿಲ್ಲ ಎಂಬ ಟಿಪ್ಪಣಿ. ಅದಾದ ಮೇಲೆ ಹೆಚ್ಚುವರಿ ಶಿಕ್ಷಕರ ಮರುಹೊಂದಾಣಿಕೆ, ಇದ್ದೊಬ್ಬರಿಗೂ ನಿಯೋಜನೆ. ಕೊನೆಗೆ ಮಕ್ಕಳೇ ಕಡಿಮೆಯಾದರು ಎಂದು ವಿಲೀನದ ಪ್ರಸ್ತಾವ. ಈ ಯಾವ ಹಂತದಲ್ಲೂ ಯಾರೂ ಶಾಲೆ ಮುಚ್ಚಲು ಹೊರಟಿರುವುದಿಲ್ಲ. ಸುತ್ತಲಿನ ಶಾಲೆಗಳ ಮಕ್ಕಳನ್ನು ಒಂದೆಡೆ ಸೇರಿಸುವ ಕರ್ನಾಟಕ ಪಬ್ಲಿಕ್ ಸ್ಕೂಲ್ (ಕೆಪಿಎಸ್) ‘ಮ್ಯಾಗ್ನೆಟ್’ ಶಾಲೆಗಳ ವಿಚಾರದಲ್ಲಿ ಸಣ್ಣ ಊರುಗಳ ಪೋಷಕರು ಬೀದಿಗಿಳಿದದ್ದು ಇಂಥ ಅನುಮಾನದಿಂದಲೇ. ಶಾಲೆ ಮುಚ್ಚುವುದಿಲ್ಲ ಎಂದು ಸರ್ಕಾರ ಎಷ್ಟು ಸಲ ಹೇಳಿದರೂ ಅನುಮಾನ ಹೋಗದಿರುವುದಕ್ಕೆ ಜನರ ನೆನಪಿನ ಶಕ್ತಿ ಕಾರಣ.

ಎರಡನೆಯ ಆಕ್ಷೇಪ ಕಾಲ ಬದಲಾಗಿದೆ ಎಂಬುದು. 2020ರಲ್ಲಿ ಫೋನ್ ಇರಲಿಲ್ಲ, ಈಗ ಇದೆಯಲ್ಲ? ನಿಜ. 2024ರ ‘ಅಸರ್’ ಸಮೀಕ್ಷೆಯ ಪ್ರಕಾರ ಗ್ರಾಮೀಣ ಭಾರತದ 14ರಿಂದ 16ರ ಮಕ್ಕಳ ಮನೆಗಳಲ್ಲಿ ನೂರಕ್ಕೆ ಸುಮಾರು 90ರಲ್ಲಿ ಸ್ಮಾರ್ಟ್‌ಫೋನ್ ಇದೆ. ಬಳಸಲು ಬರುವ ಮಕ್ಕಳಲ್ಲಿ ಹಿಂದಿನ ವಾರ ಅದನ್ನು ಓದಿಗಾಗಿ ಬಳಸಿದವರು ನೂರಕ್ಕೆ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76. ಸ್ವಂತ ಫೋನ್ ಇರುವವರಲ್ಲಿ ಹುಡುಗಿಯರ ಪಾಲು ಹುಡುಗರದಕ್ಕಿಂತ ಎದ್ದು ಕಾಣುವಷ್ಟು ಕಡಿಮೆ. ಅದೇ ಅಸರ್‌ನಲ್ಲಿ ಇನ್ನೊಂದು ಅಂಕಿ ಇದೆ. ಎರಡನೇ ತರಗತಿಯ ಪಾಠ ಓದಬಲ್ಲ ಮೂರನೇ ತರಗತಿ ಮಕ್ಕಳು 2018ರಲ್ಲಿ ದೇಶದಾದ್ಯಂತ ನೂರಕ್ಕೆ 27.3 ಇದ್ದವರು 2022ರಲ್ಲಿ 20.5ಕ್ಕೆ ಕುಸಿದು, 2024ರಲ್ಲಿ ಮತ್ತೆ 27.1ಕ್ಕೆ ಏರಿದರು. ಈ ಏರಿಕೆಯ ನಡುವೆ ನಡೆದದ್ದು ಶಾಲೆ ತೆರೆದದ್ದು, ಮತ್ತು ನಮ್ಮ ‘ಕಲಿಕಾ ಚೇತರಿಕೆ’ಯಂಥ ಕಾರ್ಯಕ್ರಮಗಳಲ್ಲಿ ಶಿಕ್ಷಕರು ಕಲಿಕಾ ಹಾಳೆ ಹಿಡಿದು ಮಕ್ಕಳನ್ನು ಹಿಂದಿನ ಮೆಟ್ಟಿಲಿಂದ ಹತ್ತಿಸಿದ್ದು. ಶ್ರೇಯಸ್ಸನ್ನು ಫೋನಿಗೆ ಕೊಡಲು ಕಾರಣ ಕಾಣದು.

ಇನ್ನು ಎಐ. ಅದು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ, ಕನ್ನಡದಲ್ಲೂ ಕೊಡುತ್ತದೆ, ಬೇಸರಪಡುವುದಿಲ್ಲ, ಬೈಯುವುದಿಲ್ಲ. ಹೀಗಾಗಿ ಅರ್ಥವಾಗದ ಸುದ್ದಿ ಮರಳದು ಎಂಬ ಹಳೆಯ ದೂರು ಇದಕ್ಕೆ ತಟ್ಟುವುದಿಲ್ಲ ಎನ್ನುವುದು ಮೂರನೆಯ ಆಕ್ಷೇಪ. ಇವುಗಳಲ್ಲಿ ಬಲವಾದದ್ದು ಇದೇ. ಹತ್ತನೇ ತರಗತಿಯ ಚುರುಕು ಹುಡುಗಿಗೆ ಎಐ ಒಂದು ವರವಾಗಬಹುದು ಎಂದು ಒಪ್ಪಿಕೊಂಡೇ ಹೇಳುವುದಾದರೆ, ಪ್ರಶ್ನೆ ಕೇಳಲು ಬರುವ ಮಗು ಈಗಾಗಲೇ ಅರ್ಧ ದಾರಿ ಬಂದಿರುತ್ತದೆ. ಸರ್ಕಾರಿ ಶಾಲೆ ಹೊತ್ತಿರುವ ಭಾರ ಕೇಳದ ಮಗುವಿನದು. ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕೂತದ್ದು, ಮನೆಯಲ್ಲಿ ಲಂಬಾಣಿಯನ್ನೋ ಸೋಲಿಗರ ನುಡಿಯನ್ನೋ ಆಡಿ ಪಠ್ಯಪುಸ್ತಕದ ಕನ್ನಡದ ಮುಂದೆ ಮೂಕವಾದದ್ದು, ‘ಯಾಕಪ್ಪ ಸಪ್ಪಗಿದ್ದೀಯ’ ಎಂದರೆ ನಿನ್ನೆ ರಾತ್ರಿ ಊಟ ಮಾಡಿಲ್ಲ ಎಂದು ಹೇಳುವಂಥದ್ದು. ಬಿಸಿಯೂಟ ರಾಜ್ಯದಲ್ಲಿ ‘ಅಕ್ಷರ ದಾಸೋಹ’ವಾಗಿ 2002ರಲ್ಲಿ ಮೊದಲು ಶುರುವಾದದ್ದು ಈಶಾನ್ಯದ ಏಳು ಜಿಲ್ಲೆಗಳಲ್ಲಿ ಎಂಬುದು ಸುಮ್ಮನೆ ಅಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಮಗು ಹದಿನೈದು ದಿನ ಬರದಿದ್ದರೆ ಆ್ಯಪ್‌ಗೆ ಅದು ‘ನಿಷ್ಕ್ರಿಯ ಖಾತೆ’. ಶಿಕ್ಷಕರಿಗೆ ಅದು ಇಂಥವರ ಮನೆಯ ಇಂಥ ಹುಡುಗಿ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರನ್ನು ಕರೆದುಕೊಂಡು ಹೋಗಿ ಬಾಗಿಲು ತಟ್ಟಬೇಕಾದ ಕೆಲಸ.

ಅಷ್ಟಕ್ಕೂ, ಇಂಟರ್ನೆಟ್ ಸರ್ಕಾರಿ ಶಾಲೆಯನ್ನು ಈಗಾಗಲೇ ಬದಲಿಸಿದೆ, ನಾವು ಅಂದುಕೊಂಡ ರೀತಿಯಲ್ಲಿ ಅಲ್ಲ. ಪಾಠಕ್ಕಿಂತ ಮೊದಲು ಒಳಗೆ ಬಂದದ್ದು ಕ್ಯಾಮೆರಾ ಮತ್ತು ಲೆಕ್ಕ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ತಂದಾಗ ಫಲಿತಾಂಶ ಹಿಂದಿನ ವರ್ಷದ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ದುಪ್ಪಟ್ಟು ಮಾಡಿದ ಮೇಲೆ. ಕಲಿಕೆಯ ನಿಜಸ್ಥಿತಿಯನ್ನು ತೋರಿಸಿದ್ದಕ್ಕೆ ಕ್ಯಾಮೆರಾಕ್ಕೆ ಕೃತಜ್ಞರಾಗಿರೋಣ. ತೋರಿಸಿದ್ದನ್ನು ಸರಿಪಡಿಸಲು ಅದಕ್ಕೆ ಬರುವುದಿಲ್ಲ. ಜೊತೆಗೆ ಮಕ್ಕಳ ಹಾಜರಿ, ಹಾಲು, ಮೊಟ್ಟೆ, ಬಾಳೆಹಣ್ಣು, ಶೂ, ಸಮವಸ್ತ್ರ ಎಲ್ಲದಕ್ಕೂ ಒಂದೊಂದು ಆನ್‌ಲೈನ್ ನಮೂದು. ಸರ್ವರ್ ನಿಧಾನವಾದ ದಿನ ಏಕೋಪಾಧ್ಯಾಯ ಶಾಲೆಯಲ್ಲಿ ಏನಾಗುತ್ತದೆಂದು ಹೇಳಬೇಕಿಲ್ಲ. ಮಕ್ಕಳಿಗೆ ಪಾಠ ಮುಟ್ಟಿಸುವ ಹೆಸರಿನಲ್ಲಿ ಬಂದ ಜಾಲ, ಪಾಠ ಮಾಡಬೇಕಾದವರ ಕಣ್ಣನ್ನು ಸ್ಲೇಟಿನಿಂದ ಕಿತ್ತು ತನ್ನ ಕಡೆ ತಿರುಗಿಸಿಕೊಂಡಿದೆ. ಸುಧಾರಣೆ ಶುರುವಾಗಬೇಕಾದ ಜಾಗ ಬಹುಶಃ ಇದೇ: ಮೊದಲು ಈ ನಮೂದುಗಳ ಹೊರೆ ಇಳಿಸುವುದು. ಸೈಟ್ ಪ್ರಯೋಗದಿಂದ ಕಲಿಯಬಹುದಾದ ಒಂದು ಸಂಗತಿಯೂ ಇಲ್ಲಿದೆ. ಆ ಟಿ.ವಿ.ಯನ್ನು ಮಕ್ಕಳಿಗೆ ಮಾತ್ರವಲ್ಲ, ಸುಮಾರು 50 ಸಾವಿರ ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಕಲಿಸಲೂ ಬಳಸಲಾಗಿತ್ತು, ರೇಡಿಯೊ, ಪುಸ್ತಕ, ಕೈಯಾರೆ ಮಾಡುವ ಪ್ರಯೋಗಗಳ ಜೊತೆಗೆ. ಬಲ್ಲವರಿಂದ ಶಿಕ್ಷಕರಿಗೆ, ಶಿಕ್ಷಕರಿಂದ ಮಗುವಿಗೆ ಎಂಬ ದಾರಿ ಉದ್ದವಾದರೂ ಅದರಲ್ಲಿ ಯಾರೂ ಬಿಟ್ಟುಹೋಗುವುದಿಲ್ಲ.

ಖರ್ಚಿನ ಮಾತು ಬಂದಾಗ ಯಂತ್ರ ಅಗ್ಗ, ಮನುಷ್ಯ ದುಬಾರಿ ಎಂಬ ಲೆಕ್ಕ ತಟ್ಟನೆ ಬಾಯಿಗೆ ಬರುತ್ತದೆ. ಮೂವತ್ತು ಮಕ್ಕಳವರೆಗಿನ ಶಾಲೆಗೆ ಸಮಗ್ರ ಶಿಕ್ಷಣದಡಿ ಸಿಗುವ ಶಾಲಾ ಅನುದಾನ ವರ್ಷಕ್ಕೆ 10 ಸಾವಿರ ರೂಪಾಯಿ. ಸುಣ್ಣಬಣ್ಣ, ಸೀಮೆಸುಣ್ಣ, ನಲ್ಲಿ ರಿಪೇರಿ ಎಲ್ಲ ಅದರಲ್ಲೇ. 2023ರ ರಾಜ್ಯೋತ್ಸವದಂದು ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಘೋಷಣೆಯಾಯಿತು, ಒಳ್ಳೆಯದೇ ಆಯಿತು. ಯುಪಿಎಸ್ ಬ್ಯಾಟರಿ, ಪ್ರೊಜೆಕ್ಟರ್ ಬಲ್ಬು, ತಿಂಗಳ ಇಂಟರ್ನೆಟ್ ಬಿಲ್ಲು ಉಚಿತವಲ್ಲ. ದಾನಿಗಳ ಸಿಎಸ್‌ಆರ್ ಹಣ ಯಂತ್ರ ಕೊಡಿಸುತ್ತದೆ, ಅದರ ಐದನೇ ವರ್ಷವನ್ನು ನೋಡಿಕೊಳ್ಳುವುದಿಲ್ಲ. ಕಂಪನಿಗಳ ಮೇಲೆ ಒರಗುವುದಂತೂ ಇನ್ನೂ ಅಪಾಯ. ನೆರೆಯ ಆಂಧ್ರಪ್ರದೇಶದಲ್ಲಿ 2022ರ ಡಿಸೆಂಬರ್‌ನಲ್ಲಿ ಸರ್ಕಾರಿ ಶಾಲೆಗಳ ಎಂಟನೇ ತರಗತಿಯ ಲಕ್ಷಾಂತರ ಮಕ್ಕಳಿಗೆ ಬೈಜೂಸ್ ಪಾಠಗಳಿದ್ದ ಟ್ಯಾಬ್ ಹಂಚಲಾಯಿತು. 2024ರ ಜುಲೈನಲ್ಲಿ ಅದೇ ಕಂಪನಿ ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯಲ್ಲಿ (ಎನ್‌ಸಿಎಲ್‌ಟಿ) ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಕಂಪನಿ ಹುಟ್ಟುವುದು, ಮುಳುಗುವುದು ವ್ಯಾಪಾರದಲ್ಲಿ ಇದ್ದದ್ದೇ. ಒಂದನೇ ತರಗತಿಗೆ ಸೇರಿದ ಮಗು ಹತ್ತನೆಯದು ಮುಗಿಸಲು ಹತ್ತು ವರ್ಷ ಬೇಕು, ಅಷ್ಟೆ.

ಖಾಸಗಿ ಶಾಲೆಯ ಮಕ್ಕಳಿಗೆ ಎಲ್ಲ ಸಿಗುವಾಗ ಬಡವರ ಮಕ್ಕಳಿಗೆ ಯಾಕೆ ಬೇಡ ಎಂದು ಕೇಳುವವರಿಗೆ ಉತ್ತರ ಚಿಕ್ಕದು: ದುಬಾರಿ ಶುಲ್ಕದ ಯಾವ ಖಾಸಗಿ ಶಾಲೆಯೂ ಸ್ಮಾರ್ಟ್ ಬೋರ್ಡ್ ಹಾಕಿ ಗಣಿತ ಶಿಕ್ಷಕರನ್ನು ಮನೆಗೆ ಕಳಿಸಿಲ್ಲ. ಅಲ್ಲಿ ಸಿಗುವುದು ಎರಡೂ. ಹಾಗಾಗಿ ಕೇಳಬೇಕಾದದ್ದೂ ಎರಡನ್ನೂ, ಅದೂ ಬರವಣಿಗೆಯಲ್ಲಿ. ನೇಮಕಾತಿ ನಿಯಮದಲ್ಲೇ ಒಂದು ಸಾಲು ಸೇರಲಿ: ಆನ್‌ಲೈನ್ ಪೀರಿಯಡ್ ಯಾವ ಕಾರಣಕ್ಕೂ ಮಂಜೂರಾದ ಹುದ್ದೆಯ ಬದಲಿಯೆಂದು ಲೆಕ್ಕಕ್ಕೆ ಬರತಕ್ಕದ್ದಲ್ಲ. ಐದನೇ ತರಗತಿಯವರೆಗೆ ಪರದೆ ಶಿಕ್ಷಕರ ಕೈಯಲ್ಲಿರಲಿ, ಮಗುವಿನ ಕೈಯಲ್ಲಿ ಬೇಡ. ಆರರಿಂದ ಹತ್ತರವರೆಗೆ ಕ್ಲಸ್ಟರ್ ಹಂತದ ವಿಷಯ ಶಿಕ್ಷಕರು ನೇರಪ್ರಸಾರದಲ್ಲಿ ಕಲಿಸಲಿ. ತಿಂಗಳಿಗೊಮ್ಮೆ ಆ ಶಾಲೆಗಳಿಗೆ ಬಂದು ಮಕ್ಕಳ ನಡುವೆ ಕೂರಲಿ. ಮುಖ್ಯ ಶಿಕ್ಷಕರ ಕೋಣೆಯ ಗೋಡೆಗೆ ಅಂಟಿಸಿದ ವೇಳಾಪಟ್ಟಿಯಲ್ಲಿ ಅಂಥ ಪೀರಿಯಡ್ಡಿನ ಮನೆಯಲ್ಲಿ ಎರಡು ಹೆಸರಿರಲಿ, ಪರದೆಯ ಮೇಲೆ ಇರುವವರದು ಒಂದು, ಬೆಂಚುಗಳ ನಡುವೆ ಓಡಾಡುವವರದು ಇನ್ನೊಂದು. ಬಜೆಟ್ ಮಂಡನೆಯ ದಿನ ಎಷ್ಟು ಶಾಲೆಗಳಿಗೆ ಸ್ಮಾರ್ಟ್ ಕ್ಲಾಸ್ ಎಂಬ ಸಂಖ್ಯೆಯನ್ನು ಪ್ರತಿ ವರ್ಷ ಓದುತ್ತಾರಲ್ಲ, ಆ ಶಾಲೆಗಳಲ್ಲಿ ಅಂದಿಗೆ ಎಷ್ಟು ಹುದ್ದೆ ಖಾಲಿ ಇವೆ ಎಂಬ ಇನ್ನೊಂದು ಸಂಖ್ಯೆಯನ್ನೂ ಅದೇ ಉಸಿರಿನಲ್ಲಿ ಓದಲಿ.